ಏರದೆ ನಿಂತ ಪಿಂಚಣಿ

(ಅಲ್ ವುಕೈರ್‌ನಲ್ಲಿ ನೀಡಿದ ಉಪನ್ಯಾಸ)



ಎಂ.ಬಿ.ಬಿ.ಎಸ್. ಮುಗಿಸಿ ಬ್ರಿಟನ್ನಿನಲ್ಲಿ ತರಬೇತಿ ಪಡೆದು, ಅಲ್ಲಿ ದುಡಿದು, ಬಳಿಕ ಕತಾರಿಗೆ ಬಂದ ವೈದ್ಯರು ನಾವು. ನಿವೃತ್ತರಾದ ಮೇಲೆ ಮೈಸೂರಿಗೋ ಧಾರವಾಡಕ್ಕೋ ಮರಳುವ ಆಸೆಯುಳ್ಳವರು. ಆದುದರಿಂದ ಈ ವಿಷಯವು ನಮಗೆ ದೂರದ್ದಲ್ಲ.

ಬ್ರಿಟನ್ನಿನ ಸರಕಾರಿ ಪಿಂಚಣಿಯು ಅಲ್ಲಿ ವಾಸಿಸುವವರಿಗೆ ಪ್ರತಿವರ್ಷ ಏರುತ್ತದೆ. ಅಮೆರಿಕ, ಫಿಲಿಪ್ಪೀನ್ಸ್‌ಗಳಲ್ಲಿ ನೆಲೆಸಿದವರಿಗೂ ಏರುತ್ತದೆ. ಭಾರತ, ಕತಾರ್, ಕೆನಡಾಗಳಲ್ಲಿ ಇರುವವರಿಗಾದರೋ ಇದ್ದ ಮೊತ್ತದಲ್ಲಿಯೇ ನಿಲ್ಲುತ್ತದೆ. ತೆತ್ತ ವಂತಿಗೆ ಒಂದೇ, ಫಲ ಬೇರೆ. ಅದೇ ದೇಶದ ರಾಷ್ಟ್ರೀಯ ಆರೋಗ್ಯ ಸೇವೆಯ ನೌಕರಿ ಪಿಂಚಣಿಯಾದರೋ ಎಲ್ಲಿದ್ದರೂ ಏರುತ್ತದೆ!

2010ರಲ್ಲಿ ಕಾರ್ಸನ್ ಮೊಕದ್ದಮೆಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಇದು ಪಕ್ಷಪಾತವಲ್ಲವೆಂದಿತು. ಏರಿಕೆಯು ಬ್ರಿಟನ್ನಿನ ಜೀವನವೆಚ್ಚಕ್ಕೆ ಸಂಬಂಧಿಸಿದ್ದೆಂಬ ಆ ವಾದದಲ್ಲಿ ತಿರುಳಿದೆ. ಆದರೆ ಫಿಲಿಪ್ಪೀನ್ಸಿನ ಬೆಲೆಗಳಿಗೂ ಬ್ರಿಟನ್ನಿಗೂ ಏನು ನಂಟು? ಅಲ್ಲಿರುವುದು ಏರಿಕೆಗೆ ಎಡೆಗೊಡುವ ಒಪ್ಪಂದ, ಅಷ್ಟೆ. ಒಪ್ಪಂದವಿಲ್ಲದ ನಾಡಿನಲ್ಲಿಯೂ ವಯಸ್ಸಿನೊಡನೆ ಔಷಧದ ಖರ್ಚು ಏರುತ್ತದೆಂಬುದನ್ನು ವೈದ್ಯರಾದ ನಾವು ಬಲ್ಲೆವು.

ಆದ್ದರಿಂದ ಪಿಂಚಣಿ ಏರದೆಂದೇ ಎಣಿಸಿ ಉಳಿತಾಯ ಮಾಡೋಣ. 2024ರಿಂದ ಹೊರದೇಶದಲ್ಲಿರುವ ಬ್ರಿಟಿಷ್ ಪ್ರಜೆಗಳಿಗೆ 15 ವರ್ಷಗಳ ಮಿತಿಯಿಲ್ಲದೆ ಮತದ ಹಕ್ಕು ದೊರೆತಿದೆ. ನಮ್ಮಲ್ಲಿ ಅದುಳ್ಳವರು ಅದನ್ನು ಚಲಾಯಿಸಲಿ.