ಗರ್ಭಸ್ಥ ಜೀವದ ಸ್ವಯಂಚಲನೆ



ತುಂಬಿದ ಬಸುರಿಯನ್ನು ಕಂಡೊಡನೆ ಮನೆಯ ಹಿರಿಯಳು “ಕೂಸು ಮಿಸುಕುತ್ತಿದೆಯೇನವ್ವಾ?” ಎಂದು ಕೇಳುವಳು. ಆ ಮಿಸುಕಾಟಕ್ಕೆ ಪ್ರೇರಣೆ ಯಾವುದು? ಮುಳ್ಳು ಚುಚ್ಚಿದರೆ ಕಾಲು ಸರಿಯುವುದು. ಕೂಗಿದರೆ ಮಗುವು ತಲೆಯೆತ್ತುವುದು. ಇದನ್ನು ಕಂಡು, ಹೊರಗಿನ ಪ್ರೇರಣೆಯಿಲ್ಲದೆ ಜ್ಞಾನತಂತುಗಳು ಕೆಲಸಮಾಡಲಾರವೆಂದು ಎಣಿಸುವುದು ಸಹಜವು. ಗರ್ಭಸ್ಥ ಜೀವದ ವಿಷಯದಲ್ಲಿ ಈ ಎಣಿಕೆಯು ನಿಲ್ಲಲಾರದು.

ಕೋಳಿಯ ಮೊಟ್ಟೆಯು ಮರಿಯಾಗಲು 21 ದಿನಗಳ ಕಾವು ಬೇಕು. ಒಳಗಿನ ಪಿಂಡವು ಸ್ಪರ್ಶಕ್ಕೆ ಉತ್ತರ ಕೊಡುವುದಕ್ಕೆ ಕೆಲವು ದಿನ ಮೊದಲೇ ತಾನಾಗಿ ಅಲುಗುವುದೆಂದು ಜರ್ಮನಿಯಲ್ಲಿ ಪ್ರೈಯರ್ ಎಂಬ ಶಾಸ್ತ್ರಜ್ಞನು 1885ರಲ್ಲಿ ತಿಳಿಸಿದನು. ಚಲನೆಯು ಸುಮಾರು ನಾಲ್ಕನೆಯ ದಿನ ತೋರುವುದು. ಸ್ಪರ್ಶಕ್ಕೆ ಉತ್ತರವು ಏಳೆಂಟನೆಯ ದಿನಕ್ಕೆ ಬರುವುದು. ಅಮೆರಿಕೆಯಲ್ಲಿ ವಿಕ್ಟರ್ ಹ್ಯಾಂಬರ್ಗರನೂ ಅವನ ಸಂಗಡಿಗರೂ 1966ರಲ್ಲಿ ಇದರ ಮೂಲವನ್ನು ಶೋಧಿಸಿದರು. ಕಾಲುಗಳಿಗೆ ಸೇರಿದ ಬೆನ್ನುಹುರಿಯ ಭಾಗವನ್ನು ಮೆದುಳಿನಿಂದ ಬೇರ್ಪಡಿಸಿ, ಸ್ಪರ್ಶಜ್ಞಾನವು ಬಂದು ಸೇರುವ ಅದರ ಹಿಂಭಾಗವನ್ನೂ ತೆಗೆದುಹಾಕಿದರು. ಆದರೂ ಕಾಲುಗಳು 15ನೆಯ ದಿನದವರೆಗೆ ಎಂದಿನಂತೆಯೇ ಆಡುತ್ತಿದ್ದುವು.

ಪ್ರೇರಣೆಯು ಬೆನ್ನುಹುರಿಯೊಳಗೇ ಇದ್ದಿತು. ವಿದ್ಯುದಂಶವುಳ್ಳ ಲವಣಕಣಗಳು ಜೀವಕೋಶದ ಪೊರೆಯನ್ನು ದಾಟಿ ಹರಿಯುವುದರಿಂದ ವಿದ್ಯುತ್ಸ್ಪಂದನವು ಹುಟ್ಟುವುದು. ಬಲಿತ ಮೆದುಳಿನಲ್ಲಿ ಸಾಮಾನ್ಯವಾಗಿ ಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ದ್ರವ್ಯವು, ಎಳೆಯ ಕೋಶಗಳಲ್ಲಿ ಕ್ಲೋರೈಡು ಅಧಿಕವಾಗಿರುವ ಕಾರಣ, ಅವನ್ನು ಕೆರಳಿಸುವುದು. ಹೀಗೆ ಒಂದು ಕೋಶವು ನೆರೆಯದನ್ನು ಎಬ್ಬಿಸಲು, ಸಮೂಹವೆಲ್ಲ ಒಟ್ಟಿಗೆ ಸ್ಪಂದಿಸಿ, ಬಳಲಿ, ಕೆಲವು ನಿಮಿಷ ಸುಮ್ಮನಿದ್ದು, ಮರಳಿ ಏಳುವುದು.

ಇದು ವ್ಯರ್ಥವಾದ ನಡುಕವಲ್ಲ. 1962ರಲ್ಲಿ ಡ್ರಾಕ್‌ಮನ್, ಕೂಲೊಂಬ್ರೆ ಎಂಬ ಇಬ್ಬರು ಕೋಳಿಯ ಪಿಂಡಕ್ಕೆ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಕ್ಯುರಾರೆ ವಿಷವನ್ನು ಒಂದೆರಡು ದಿನ ಸೇರಿಸಿ, ಚಲನೆಯನ್ನು ತಡೆದರು. ಕೀಲುಗಳು ಬಿಗಿದುವು, ಪಾದಗಳು ಸೊಟ್ಟಗಾದುವು. ಕೆಲವು ಶಿಶುಗಳು ಬಿಗಿದ ಕೀಲುಗಳೊಡನೆಯೇ ಹುಟ್ಟುವುದಕ್ಕೂ ಗರ್ಭದಲ್ಲಿ ಚಲನೆಯು ಕುಂದಿದುದು ಮುಖ್ಯ ಕಾರಣವೆಂದು ವೈದ್ಯರು ಒಪ್ಪಿರುವರು. ದೇಹವು ಮೊದಲು ಸಿದ್ಧವಾಗಿ ಬಳಿಕ ಚಲಿಸುವುದಲ್ಲ. ಚಲಿಸುತ್ತ ಚಲಿಸುತ್ತಲೇ ಅದು ಸಿದ್ಧವಾಗುವುದು.

ಮಾನವ ಶಿಶುವಿನ ಚಲನೆಯು ಎರಡನೆಯ ತಿಂಗಳಿನಲ್ಲಿಯೇ ಮೊದಲಾದರೂ ತಾಯಿಗೆ ಅದರ ಅರಿವಾಗುವುದು ಸಾಮಾನ್ಯವಾಗಿ ಐದನೆಯ ತಿಂಗಳಿನ ಹೊತ್ತಿಗೆ. ಆದುದರಿಂದ ಹಿರಿಯಳ ಪ್ರಶ್ನೆಯು ಬರಿಯ ಉಪಚಾರದ ಮಾತಲ್ಲ. ದಿನವೂ ತಿಳಿಯುತ್ತಿದ್ದ ಮಿಸುಕಾಟವು ಕಡಿಮೆಯಾದಂತೆ ಗರ್ಭಿಣಿಗೆ ತೋರಿದರೆ, ಆಕೆಯ ಮಾತನ್ನು ಅಲ್ಲಗಳೆಯದೆ, ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯವು.