ಕೊಂಡಿಯಿಲ್ಲದೆ ಸೀರೆಯಿಲ್ಲ

(ಸಣ್ಣ ವ್ಯಾಪಾರಿಗಳು ಮತ್ತು ಕುಶಲಕರ್ಮಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇಳಕಲ್ ಸೀರೆಯನ್ನು ಕಾಣದವರು ಈ ಸಭೆಯಲ್ಲಿ ಯಾರೂ ಇರಲಾರರು. ಆದರೆ ಆ ಸೀರೆಯ ಒಡಲೂ ಸೆರಗೂ ಕೂಡುವ ಜಾಗವನ್ನು ಕೈಯಲ್ಲಿ ಹಿಡಿದು ನೋಡಿದವರು ಕಡಿಮೆ ಇರಬಹುದು. ಹಳೆಯ ಪದ್ಧತಿಯಲ್ಲಿ ಒಡಲಿನ ಹಾಸು ಹತ್ತಿಯ ನೂಲು, ಸೆರಗಿನ ಹಾಸು ರೇಷ್ಮೆ. ಇವೆರಡನ್ನು ಹೊಲಿದು ಸೇರಿಸುವುದಿಲ್ಲ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ಸಿಕ್ಕಿಸಿ, ಹೀಗೆ ಒಂದೊಂದಾಗಿ ಹಾಸಿನ ಎಲ್ಲ ಎಳೆಗಳನ್ನೂ ಕೂಡಿಸುತ್ತಾರೆ. ಇದಕ್ಕೆ ನೇಕಾರರು ಇಟ್ಟ ಹೆಸರು ‘ಕೊಂಡಿ’. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಆಮೇಲೆಯೇ ಕೆಂಪು ಸೆರಗಿನಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳ ಬಿಳಿಯ ಸಾಲು ಮೂಡುವುದು.

ಈ ಸೀರೆಯ ಜೊತೆಗೆ ತೊಡುವ ಕುಪ್ಪಸದ ಖಣ ಗುಳೇದಗುಡ್ಡದ್ದು. ಸೀರೆಯ ಮೇಲೆ ಹಾಕುವ ಕಸೂತಿ ಧಾರವಾಡ ಸೀಮೆಯ ಹೆಣ್ಣುಮಕ್ಕಳ ಕೈಕೆಲಸ. ಎಳೆ ಎಣಿಸಿ ಹಾಕುವ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳು ಅವರಿಗೆ ತಾಯಿಯಿಂದ ಮಗಳಿಗೆ ಬಂದವು. ಸೀರೆ ಒಂದು ಊರಿನದು, ಖಣ ಇನ್ನೊಂದು ಊರಿನದು, ಕಸೂತಿ ಮತ್ತೊಂದು ಸೀಮೆಯದು. ಈ ಮೂರಕ್ಕೂ ಒಬ್ಬ ಮಾಲೀಕನಿಲ್ಲ. ಆದರೂ ಒಂದನ್ನು ಕೊಂಡವಳಿಗೆ ಇನ್ನೆರಡು ಬೇಕೆನಿಸುತ್ತವೆ. ಒಂದರ ಗಿರಾಕಿ ಇನ್ನೊಂದರ ಗಿರಾಕಿಯಾಗುತ್ತಾಳೆ.

ನಾನು ಇಂದು ಹೇಳಬೇಕಾದ ಮಾತು ಇದರಲ್ಲೇ ಅಡಗಿದೆ. ಸಣ್ಣ ಉದ್ಯಮಕ್ಕೆ ಎದ್ದು ಕಾಣುವ ಶಕ್ತಿ ಬರುವುದು ಬಹುಮಟ್ಟಿಗೆ ಅದರ ಸಂಬಂಧಗಳಿಂದ. ಹೊಸದನ್ನು ಹುಟ್ಟಿಸುವ ಶಕ್ತಿಯೂ ಹಾಗೆಯೇ.

ಆದರೆ ನಮ್ಮಲ್ಲಿ ಅನೇಕರ ಮನಸ್ಸು ಇದಕ್ಕೆ ಒಪ್ಪುವುದಿಲ್ಲ. ಎದುರಿನ ಅಂಗಡಿಯವನು ಪ್ರತಿಸ್ಪರ್ಧಿ. ಅವನಿಗೆ ನಮ್ಮ ಮಾಲು ಎಲ್ಲಿಂದ ಬರುತ್ತದೆಂಬುದು ತಿಳಿಯಬಾರದು. ನಮ್ಮ ಗಿರಾಕಿಯ ಹೆಸರು ಅವನ ಕಿವಿಗೆ ಬೀಳಬಾರದು. ಸಂಘ ಎಂದರೆ ವರ್ಷಕ್ಕೊಂದು ಸಭೆ, ಒಂದು ಹಾರ, ಒಂದು ಊಟ. ಈ ಎಚ್ಚರಿಕೆಯಲ್ಲಿ ಅರ್ಥವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ನಾಡಿನ ಹಿರಿಯ ವರ್ತಕರು ಹೀಗೆ ಯೋಚಿಸಿದ್ದರೆ ಹೊಳೆ ದಾಟುತ್ತಿರಲಿಲ್ಲ, ಕಡಲು ದಾಟುವ ಮಾತು ಹಾಗಿರಲಿ.

ಇಳಕಲ್ಲಿನಿಂದ ಬಹಳ ದೂರವಿಲ್ಲದ ಐಹೊಳೆಯನ್ನು ನಾವು ಗುಡಿಗಳ ಊರು ಎಂದು ಬಲ್ಲೆವು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ದುರ್ಗದ ಗುಡಿ ತೋರಿಸುತ್ತೇವೆ. ಆದರೆ ಸುಮಾರು ಸಾವಿರ ವರ್ಷಗಳ ಹಿಂದೆ ಆ ಊರಿನ ಹೆಸರು ದೂರದೂರಕ್ಕೆ ಹಬ್ಬಿದ್ದು ವ್ಯಾಪಾರದಿಂದ. ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕ ಸಂಘದ ಹೆಸರು ಕನ್ನಡ, ತಮಿಳು, ತೆಲುಗು ನಾಡುಗಳ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಐನೂರು ಎಂಬುದು ಎಣಿಕೆಯಾಗಿ ಉಳಿಯದೆ ಹೆಸರೇ ಆಗಿಬಿಟ್ಟಿತು. ಸುಮಾತ್ರಾ ದ್ವೀಪದ ಬಾರೂಸ್ ಎಂಬಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಬಾರೂಸ್ ಕರ್ಪೂರಕ್ಕೆ ಹೆಸರಾದ ರೇವು. ಬರ್ಮಾದ ಪಗಾನಿನಲ್ಲಿ ನಾನಾದೇಶಿ ವರ್ತಕರ ಹೆಸರಿನ ಒಂದು ವಿಷ್ಣು ದೇವಾಲಯವಿತ್ತೆಂಬುದನ್ನು ಅಲ್ಲಿನ 13ನೇ ಶತಮಾನದ ಶಾಸನ ತಿಳಿಸುತ್ತದೆ.

ಇವರೆಲ್ಲ ಕೋಟ್ಯಧಿಪತಿಗಳಾಗಿದ್ದರೇ? ಶಾಸನಗಳು ಹಾಗೆ ಹೇಳುವುದಿಲ್ಲ. ಆನೆ, ಕುದುರೆ, ಮುತ್ತು, ರತ್ನಗಳನ್ನು ಮಾರುವವರ ಜೊತೆಯಲ್ಲೇ ಸಾಮಾನನ್ನು ಹೆಗಲ ಮೇಲೆ ಹೊತ್ತು ತಿರುಗುವವರೂ ಆ ಕೂಟದಲ್ಲಿ ಕಾಣುತ್ತಾರೆ. ಎಣ್ಣೆಯ ಗಾಣದವರು, ವೀಳ್ಯದೆಲೆಯವರು ಮುಂತಾದವರ ಸ್ಥಳೀಯ ಕೂಟಗಳು ಇವರೊಡನೆ ಸೇರಿ ದಾನ ಕೊಟ್ಟ ಉದಾಹರಣೆಗಳಿವೆ. ಹೆಗಲ ಮೇಲೆ ಗಂಟು ಹೊತ್ತವನಿಗೆ ಈ ಕೂಟದಿಂದ ಏನು ಸಿಗುತ್ತಿತ್ತು ಎಂದು ಯೋಚಿಸಿ ನೋಡಿ. ಮೊದಲನೆಯದು ಸುದ್ದಿ: ಯಾವ ಊರಿನಲ್ಲಿ ಯಾವ ಮಾಲಿಗೆ ಎಂಥ ಧಾರಣೆ, ಯಾವ ದಾರಿಯಲ್ಲಿ ಕಳ್ಳರ ಭಯ. ಎರಡನೆಯದು ರಕ್ಷಣೆ: ಕೂಟಕ್ಕೆ ತನ್ನದೇ ಕಾವಲಿನವರಿದ್ದರು. ಮೂರನೆಯದು ಹೆಸರು. ಪರವೂರಿನಲ್ಲಿ ಅವನ ಮುಖ ಗೊತ್ತಿಲ್ಲದವರಿಗೂ ಐನೂರ್ವರ ಹೆಸರು ಗೊತ್ತಿತ್ತು. ‘ವೀರಬಣಂಜು ಧರ್ಮ’ ಎಂಬ ತಮ್ಮ ನಡವಳಿಯನ್ನು ಅವರು ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಅದನ್ನು ಮೀರಿದವನು ತನ್ನ ಹೆಸರಿನ ಜೊತೆಗೆ ಎಲ್ಲರ ಹೆಸರನ್ನೂ ಕೆಡಿಸುತ್ತಿದ್ದ.

ಇನ್ನೊಂದು ಸಂಗತಿಯನ್ನು ನಾವು ಮರೆಯಬಾರದು. ಶಾಸನಗಳಲ್ಲಿ ಇವರು ತಮ್ಮನ್ನು ‘ನಾನಾದೇಶಿ’, ‘ಉಭಯ ನಾನಾದೇಶಿ’ ಎಂದೆಲ್ಲ ಕರೆದುಕೊಳ್ಳುತ್ತಾರೆ. ಅಂದರೆ ಊರವರೂ ಹೊರಗಿನವರೂ ಕೂಡಿದ ಕೂಟ. ಗದಗದ ಹತ್ತಿರದ ಡಂಬಳದಲ್ಲಿ 1095ರ ಸುಮಾರಿನ ಒಂದು ಶಾಸನವಿದೆ. ಅಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕೂಡಿ ಬೌದ್ಧ ವಿಹಾರವನ್ನು ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಶೈವ, ಜೈನ, ವೈಷ್ಣವ ಗುಡಿಗಳಿಗೂ ವರ್ತಕರು ಹೇರಿಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಕೊಟ್ಟಿದ್ದಾರೆ. ಕೂಟದ ಬಾಗಿಲು ಅಗಲವಾಗಿತ್ತು. ಅದರಿಂದಲೇ ಅದರ ದಾರಿ ಉದ್ದವಾಯಿತು.

ಅದೇ ಗದಗದ ಸೀಮೆಯಲ್ಲಿ, ಡಂಬಳದ ಶಾಸನಕ್ಕೆ ಎಂಟು ಶತಮಾನಗಳ ತರುವಾಯ, ಕಣಗಿನಹಾಳ ಎಂಬ ಹಳ್ಳಿ ಇನ್ನೊಂದು ಬಗೆಯ ಕೂಟಕ್ಕೆ ಹೆಸರಾಯಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ರೈತರು ಸಂಘ ಕಟ್ಟಿದರು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದನ್ನು ಗೌರವಿಸುತ್ತೇವೆ. ಅಂದಿನ ಹಳ್ಳಿಯ ಸಂಘಗಳ ತತ್ವ ಜರ್ಮನಿಯ ರೈಫೈಸನ್ ಎಂಬ ಮಹನೀಯರಿಂದ ಬಂದದ್ದು: ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಕೇಳಿದರೆ ಎದೆ ನಡುಗುತ್ತದೆ. ಆದರೆ ಅದರ ಗುಣವನ್ನು ನೋಡಿ. ಸಾಲಕ್ಕೆ ಎಲ್ಲರೂ ಹೊಣೆಯಾದ ಮೇಲೆ ಯಾರು ದುಡಿಯುವವನು, ಯಾರು ಮಾತಿಗೆ ತಪ್ಪುವವನು ಎಂಬುದನ್ನು ಊರೇ ತೂಗಿ ನೋಡುತ್ತದೆ. ಅಡವಿಡಲು ಏನೂ ಇಲ್ಲದ ಮನುಷ್ಯನಿಗೆ ನೆರೆಯವರ ತಿಳಿವಳಿಕೆಯೇ ಆಧಾರವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ತೂಗುತ್ತಿರುತ್ತದೆ. ಆದರೂ ಒಳಗೆ ಉದ್ರಿಯ ವಹಿ ಇದ್ದೇ ಇರುತ್ತದೆಯಲ್ಲವೆ? ಆ ವಹಿ ನಡೆಯುವುದು ಗುರುತಿನ ಮೇಲೆ.

ಸುದ್ದಿ, ರಕ್ಷಣೆ, ಹೆಸರು, ಪತ್ತು ಇವಿಷ್ಟೂ ಸರಿ. ಹೊಸದನ್ನು ಹುಟ್ಟಿಸುವ ಮಾತು ಎಲ್ಲಿ ಬಂತು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಹುಡುಕಿದವರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಮೊದಲಿಗರಲ್ಲಿ ಒಬ್ಬರು. 1890ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಒಂದೇ ಕಸಬಿನ ಸಣ್ಣ ಸಣ್ಣ ಕಾರ್ಖಾನೆಗಳು ಒಂದೇ ಊರಿನಲ್ಲಿ ನೆರೆಯುವುದೇಕೆ ಎಂಬುದನ್ನು ವಿಚಾರಿಸಿದ್ದಾರೆ. ಅಂಥ ಊರಿನಲ್ಲಿ ಕಸಬಿನ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ, ಮಕ್ಕಳು ಕೂಡ ಅರಿಯದೆಯೇ ಅದನ್ನು ಕಲಿಯುತ್ತಾರೆ ಎಂಬುದು ಅವರ ಮಾತಿನ ಸಾರ. ಒಬ್ಬನಿಗೆ ಹೊಳೆದ ಸುಧಾರಣೆಯನ್ನು ಇನ್ನೊಬ್ಬ ಹಿಡಿದು ತನ್ನದನ್ನೂ ಸೇರಿಸುತ್ತಾನೆ. ಅದರಿಂದ ಮೂರನೆಯದು ಹುಟ್ಟುತ್ತದೆ.

ಚಾಕು ಕತ್ತರಿಗಳಿಗೆ ಹೆಸರಾದ ಶೆಫೀಲ್ಡ್ ಇಂಥ ಊರು. ಅಲ್ಲಿ ‘ಸಣ್ಣ ಮೇಸ್ತ್ರಿಗಳು’ ಎಂದು ಕರೆಸಿಕೊಂಡ ಸ್ವತಂತ್ರ ಕಸಬುದಾರರಿದ್ದರು. ಕುಲುಮೆಯಲ್ಲಿ ಅಲಗು ಬಡಿಯುವವನೊಬ್ಬ, ಸಾಣೆ ಹಿಡಿಯುವವನೊಬ್ಬ, ಹಿಡಿಕೆ ಕೂರಿಸುವವನೊಬ್ಬ. ಒಂದು ಚಾಕು ಹಲವರ ಕೈ ದಾಟಿ ಅಂಗಡಿಗೆ ಬರುತ್ತಿತ್ತು. 1624ರಷ್ಟು ಹಿಂದೆಯೇ ಅಲ್ಲಿನ ಕಸಬುದಾರರ ಸಂಘಕ್ಕೆ ಪಾರ್ಲಿಮೆಂಟಿನ ಕಾಯಿದೆಯ ಮಾನ್ಯತೆ ಸಿಕ್ಕಿತ್ತು. ಪ್ರತಿಯೊಬ್ಬನ ಮುದ್ರೆಯನ್ನು ದಾಖಲಿಸಿ ಕಾಯುವುದು ಆ ಸಂಘದ ಕೆಲಸವಾಗಿತ್ತು. ಇದರಲ್ಲಿ ನಮಗೊಂದು ಪಾಠವಿದೆ. ವಿದ್ಯೆ ಊರಿನದು, ಮುದ್ರೆ ಅವನವನದು. ಕಸಬಿನ ತಿಳಿವಳಿಕೆಯನ್ನು ಹಂಚಿಕೊಂಡವನು ತನ್ನ ಕೈಗುಣವನ್ನು ಬಿಟ್ಟುಕೊಟ್ಟಂತಾಗುವುದಿಲ್ಲ.

ಹಾಗಾದರೆ ಯಾರ ಪರಿಚಯ ಹೆಚ್ಚು ಉಪಯೋಗಕ್ಕೆ ಬರುತ್ತದೆ? ಹತ್ತಿರದವರದು ಎಂದು ನಾವು ಸಹಜವಾಗಿ ಹೇಳುತ್ತೇವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ 1973ರಲ್ಲಿ ಬರೆದ ಪ್ರಬಂಧವೊಂದು ಬೇರೆ ಮಾತು ಹೇಳುತ್ತದೆ. ಜನರಿಗೆ ಕೆಲಸದ ಸುದ್ದಿ ಹೇಗೆ ತಲುಪಿತೆಂದು ವಿಚಾರಿಸಿದಾಗ ಆಪ್ತ ಗೆಳೆಯರಿಗಿಂತ ಅಷ್ಟಾಗಿ ಒಡನಾಟವಿಲ್ಲದ ಪರಿಚಿತರ ಮೂಲಕ ಅದು ಬಂದದ್ದು ಹೆಚ್ಚಾಗಿ ಕಂಡಿತು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಬೇರೆ ಓಣಿಯವನು, ಬೇರೆ ಕಸಬಿನವನು ತರುವ ಸುದ್ದಿಯೇ ಹೊಸದು. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲೂ ಬೇಡಿಕೆಯಿದೆ. ಅಲ್ಲಿ ಅದನ್ನು ‘ಇರ್ಕಲ್’ ಎನ್ನುತ್ತಾರೆ. ಅಲ್ಲಿನ ಪೇಟೆಯ ಹೆಣ್ಣುಮಕ್ಕಳು ಯಾವ ಬಣ್ಣ ಕೇಳುತ್ತಾರೆಂಬುದನ್ನು ಇಳಕಲ್ಲಿನ ನೇಕಾರನಿಗೆ ಪಕ್ಕದ ಮಗ್ಗದವನು ಹೇಳಲಾರ. ಅತ್ತ ಹೋಗಿ ಬರುವ ವ್ಯಾಪಾರಿ ಹೇಳಬಲ್ಲ.

ಚನ್ನಪಟ್ಟಣದ ಗೊಂಬೆಯ ಕಥೆಯೂ ಇದೇ. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಆ ಕಸಬು ಅಗ್ಗದ ಚೀನೀ ಆಟಿಕೆಗಳ ಎದುರು ಕುಸಿದಿತ್ತು. ವಿನ್ಯಾಸಗಾರರೂ ಸಂಸ್ಥೆಗಳೂ ಕುಶಲಕರ್ಮಿಗಳ ಪಕ್ಕ ಕುಳಿತ ಮೇಲೆ ಗಿಡಮೂಲದ ಬಣ್ಣಗಳು ಬಂದವು. ಮಕ್ಕಳು ಬಾಯಿಗೆ ಹಾಕಿದರೂ ಅಪಾಯವಿಲ್ಲದ ಆಟಿಕೆ ಎಂಬ ಹೆಸರು ಬಂತು; ಬಳೆ, ಓಲೆ, ಮನೆಯ ಅಲಂಕಾರದ ವಸ್ತುಗಳು ಬಂದವು. ಕಡೆಯುವ ಕೈ ಹಳೆಯದೇ. ಹೊಸತು ಬಂದದ್ದು ಬೇರೆ ಬಲ್ಲವರ ಜೊತೆ ಕೂತದ್ದರಿಂದ.

ಇಷ್ಟು ಹೇಳಿ ಎಲ್ಲ ಕೂಟಗಳೂ ಒಳ್ಳೆಯವೆಂದು ಮುಗಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. ಒಂದೇ ಕಸಬಿನವರು ಸೇರಿದಾಗ ಮಾತು ಕೊನೆಗೆ ಬೆಲೆ ಏರಿಸುವ ಸಂಚಿಗೆ ತಿರುಗುತ್ತದೆ ಎಂದು ಆಡಮ್ ಸ್ಮಿತ್ 1776ರಲ್ಲೇ ಎಚ್ಚರಿಸಿದ್ದರು. ನಮ್ಮಲ್ಲಿ ಇನ್ನೊಂದು ರೋಗವೂ ಇದೆ. ಕೂಟ ಬಹು ಬೇಗ ಜಾತಿಯ ಕೂಟವಾಗುತ್ತದೆ, ನೆಂಟರ ಕೂಟವಾಗುತ್ತದೆ. ಒಳಗಿನವರಿಗೆ ಆಸರೆಯಾದದ್ದು ಹೊರಗಿನವನಿಗೆ ಗೋಡೆಯಾಗುತ್ತದೆ. ಅನ್ಯಾಯ ಹೊರಗಿನವನಿಗೆ ಮಾತ್ರ ಆಗುವುದಿಲ್ಲ. ಒಳಗಿರುವವರಿಗೂ ಹೊಸ ಸುದ್ದಿ ನಿಂತುಹೋಗುತ್ತದೆ. ಎಲ್ಲರೂ ಒಂದೇ ಮಾಲನ್ನು ಒಂದೇ ರೀತಿ ಮಾಡುತ್ತ ಒಟ್ಟಿಗೆ ಮುಳುಗುತ್ತಾರೆ.

ಇಂದಿನ ಅಪಾಯ ಸಣ್ಣದಲ್ಲ. ವಿದ್ಯುತ್ ಮಗ್ಗದಲ್ಲಿ ಇಳಕಲ್ಲಿನ ದಡಿ, ಸೆರಗುಗಳ ಮಾದರಿಯನ್ನು ಅಗ್ಗವಾಗಿ ತೆಗೆಯಬಹುದು. ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಫೋನಿನಲ್ಲಿ ಚಿತ್ರ ನೋಡಿ ಕೊಳ್ಳುವವರಿಗಂತೂ ತಿಳಿಯುವುದೇ ಇಲ್ಲ. ಒಬ್ಬ ನೇಕಾರ ತಾನೊಬ್ಬನೇ ನಿಂತು ‘ನನ್ನದು ಕೈಮಗ್ಗದ್ದು, ಇದರಲ್ಲಿ ಕೊಂಡಿಯಿದೆ’ ಎಂದು ಕೂಗಿದರೆ ಯಾರು ಕೇಳುತ್ತಾರೆ? 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಗುರುತಿನ ಕಾಯಿದೆ ಇದಕ್ಕೆ ಒಂದು ದಾರಿ ತೆರೆದಿದೆ. ಇಳಕಲ್ ಸೀರೆ, ಕಸೂತಿ, ಚನ್ನಪಟ್ಟಣದ ಗೊಂಬೆ ಈ ಗುರುತನ್ನು ಪಡೆದಿವೆ. ಈ ಹಕ್ಕು ಯಾವ ಒಬ್ಬ ವ್ಯಾಪಾರಿಯ ಸ್ವತ್ತೂ ಅಲ್ಲ; ಆ ಊರಿನ, ಆ ಕಸಬಿನವರೆಲ್ಲರ ಸೊತ್ತು. ಆದರೆ ಕಾಗದದ ಮೇಲಿನ ಹಕ್ಕು ತಾನಾಗಿ ಕೆಲಸ ಮಾಡುವುದಿಲ್ಲ. ನಕಲಿಯನ್ನು ಹಿಡಿಯಲು, ಗುಣಮಟ್ಟ ಕಾಯಲು, ಗಿರಾಕಿಗೆ ವ್ಯತ್ಯಾಸ ತಿಳಿಸಲು ಕೂಡಿ ದುಡಿಯುವ ಜನ ಬೇಕು. ಹಿಂದೆ ಐನೂರ್ವರ ಹೆಸರು ಮಾಡುತ್ತಿದ್ದ ಕೆಲಸವನ್ನು ಇಂದು ಈ ಗುರುತು ಮಾಡಬೇಕು.

ಕೊನೆಯದಾಗಿ ನಿಮ್ಮಲ್ಲಿ ಒಂದು ಸಣ್ಣ ವಿನಂತಿ. ಇವತ್ತು ಸಭೆ ಮುಗಿದ ಮೇಲೆ ನಿಮ್ಮ ಕಸಬಿನವರಲ್ಲದ ಒಬ್ಬರನ್ನು ಮಾತಾಡಿಸಿ. ನಿಮ್ಮ ವ್ಯಾಪಾರ ಎಷ್ಟು ಚೆನ್ನಾಗಿದೆ ಎಂದು ಹೇಳಬೇಡಿ, ಎಲ್ಲಿ ತೊಡಕಾಗಿದೆ ಎಂದು ಹೇಳಿ. ಅವರ ತೊಡಕನ್ನು ಕೇಳಿ. ನಿಮಗೆ ಬೇಡದ ಗಿರಾಕಿ ಅವರಿಗೆ ಬೇಕಾಗಿರಬಹುದು. ಅವರು ಎಸೆಯುವ ತುಂಡು ನಿಮಗೆ ಕಚ್ಚಾ ಮಾಲಾಗಬಹುದು. ಮೊದಲ ದಿನವೇ ಲಾಭ ಹುಡುಕಬೇಡಿ. ಕೊಂಡಿ ಹಾಕುವ ಕೈಗೂ ಅವಸರ ಆಗುವುದಿಲ್ಲ. ಒಂದೊಂದೇ ಎಳೆ ಸೇರಬೇಕು. ಮಗ್ಗಕ್ಕೆ ಕೂತು ನೇಯುವುದು ಆಮೇಲಿನ ಕೆಲಸ.