ನಂಜುಂಡನ ನೆಂಟರು

(ಕಿದ್ವಾಯಿ ನಗರದ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಹೆಸರುಗಳ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾನು ಪಂಡಿತನಲ್ಲ. ಓದಿದ್ದು ಬಿ.ಕಾಂ.; ಮಾಡುತ್ತಿರುವುದು ಬ್ಯಾಂಕಿನಲ್ಲಿ ಗುಮಾಸ್ತಗಿರಿ. ಆದರೆ ದಿನವೂ ನೂರಾರು ಹೆಸರುಗಳು ನನ್ನ ಕಣ್ಣ ಮುಂದೆ ಹಾದುಹೋಗುತ್ತವೆ. ಕೈಯಲ್ಲಿ ಓಡಾಡುವ ಹಣದ ಮೇಲೆ ಗುಮಾಸ್ತನು ಆಸೆಪಡುವಂತಿಲ್ಲ. ಹೆಸರುಗಳ ಮೇಲೆ ಆಸೆಪಟ್ಟರೆ ಯಾರ ಆಕ್ಷೇಪಣೆಯೂ ಇರಲಾರದು.

ದೆಹಲಿಗೆ ಬಂದ ಕನ್ನಡ ಮನೆಗಳಲ್ಲಿ ಮಗು ಹುಟ್ಟಿದಾಗ ಒಂದು ಸಣ್ಣ ಜಗಳವಾಗುತ್ತದೆ. ಊರಿನ ಹಿರಿಯರಿಗೆ ತಾತನ ಹೆಸರು ಉಳಿಯಬೇಕೆಂಬ ಆಸೆ; ಇಲ್ಲಿನ ತಾಯ್ತಂದೆಗಳಿಗೆ ಶಾಲೆಯ ಭಯ. ತಾತನ ಹೆಸರು ರಾಮಚಂದ್ರ ಎಂದಿದ್ದರೆ ತೊಂದರೆಯಿಲ್ಲ. ನಂಜುಂಡಯ್ಯ, ಬಸವಣ್ಣೆಪ್ಪ, ತಿಪ್ಪಮ್ಮ ಎಂದಿದ್ದರೆ ಏನು ಮಾಡುವುದು? ನಂಜುಂಡನೆಂದರೆ ಇಲ್ಲಿನ ಹುಡುಗರಿಗೆ ‘ಝುಂಡ್’ ಎಂಬ ಮಾತು ನೆನಪಾಗುತ್ತದೆ. ಹಿಂದಿಯಲ್ಲಿ ಅದಕ್ಕೆ ಹಿಂಡು ಎಂದರ್ಥ. ಮಕ್ಕಳು ನಗುತ್ತಾರೆಂಬ ಭಯ ಸುಳ್ಳಲ್ಲ. ಅದನ್ನು ಹುಸಿ ಅಭಿಮಾನದಿಂದ ತಳ್ಳಿಹಾಕಬೇಕೆಂದು ನಾನು ಹೇಳಲಾರೆ. ಆದರೆ ಬಿಡುವ ಮೊದಲು ಬಿಡುತ್ತಿರುವುದು ಏನನ್ನು ಎಂಬುದು ತಿಳಿದಿರಬೇಕಷ್ಟೆ.

ನಂಜು ಎಂದರೆ ವಿಷ. ಅದನ್ನು ಉಂಡವನು ನಂಜುಂಡ. ಸಮುದ್ರಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಕುಡಿದ ಶಿವನಿಗೆ ಸಂಸ್ಕೃತದವರು ಕೊರಳಿನ ಬಣ್ಣವನ್ನು ನೋಡಿ ನೀಲಕಂಠನೆಂದರು. ಕನ್ನಡಿಗರು ಅವನು ಮಾಡಿದ ಕೆಲಸವನ್ನೇ ನೋಡಿ ನಂಜುಂಡನೆಂದರು. ನನಗೇನೋ ನಮ್ಮವರ ನೋಟವೇ ಹೆಚ್ಚು ನೇರವೆನ್ನಿಸುತ್ತದೆ. ಕಪಿಲಾ ತೀರದ ನಂಜನಗೂಡಿನ ದೇವರು ಶ್ರೀಕಂಠೇಶ್ವರನೂ ಹೌದು, ನಂಜುಂಡೇಶ್ವರನೂ ಹೌದು. ಟಿಪ್ಪು ಸುಲ್ತಾನನ ಆನೆಯ ಕಣ್ಣು ಈ ದೇವರ ಸೇವೆಯಿಂದ ಗುಣವಾಯಿತೆಂದೂ, ಅವನು ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಪ್ರತೀತಿಯಿದೆ. ಹಕೀಮ್ ಅರಬ್ಬಿ ಮಾತು, ವೈದ್ಯನೆಂದರ್ಥ. ಕಾಲೋನಿಯ ನೀಲಕಂಠ ಶರ್ಮರನ್ನು ನಮಸ್ಕರಿಸುವ ಹುಡುಗರು ನಂಜುಂಡಯ್ಯನ ಹೆಸರಿಗೆ ನಕ್ಕರೆ, ನಗುವುದು ಒಂದೇ ದೇವರಿಗೆ.

ಬಸವನ ಮಾತು ಇನ್ನೂ ಸ್ವಾರಸ್ಯವಾದದ್ದು. ವೃಷಭ ಎಂಬುದು ಕನ್ನಡದ ಬಾಯಲ್ಲಿ ಬಸವ ಎಂದಾಯಿತು. ಸಂಸ್ಕೃತ ಶಬ್ದಗಳು ಹೀಗೆ ಕನ್ನಡವಾಗುವುದಕ್ಕೆ ಕೇಶಿರಾಜನು 13ನೆಯ ಶತಮಾನದಲ್ಲಿಯೇ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಸಂಸ್ಕೃತದಲ್ಲಿ ಋಷಭ ಎಂದರೂ ಗೂಳಿಯೇ, ವೃಷಭ ಎಂದರೂ ಗೂಳಿಯೇ. ಜೈನರ ಮೊದಲ ತೀರ್ಥಂಕರನಿಗೆ ಎರಡು ಹೆಸರೂ ಉಂಟು, ಲಾಂಛನವೂ ಗೂಳಿಯೇ. ಈಗ ದೆಹಲಿಯ ಯಾವ ತರಗತಿಯಲ್ಲಿ ಕೂಗಿದರೂ ಒಬ್ಬ ರಿಷಭ್ ಎದ್ದು ನಿಲ್ಲುತ್ತಾನೆ, ಅದು ನಾಜೂಕಿನ ಹೆಸರು. ಬಸವರಾಜ ಮಾತ್ರ ಹಳ್ಳಿಗನ ಹೆಸರು! ಎತ್ತು ಒಂದೇ, ಹಗ್ಗ ಬೇರೆ.

ಕೃಷ್ಣನು ಪ್ರಾಕೃತದಲ್ಲಿ ಕಣ್ಹನಾದ. ಹಿಂದಿಯಲ್ಲಿ ಕನ್ಹಯ್ಯ, ತಮಿಳಿನಲ್ಲಿ ಕಣ್ಣನ್. ನಮ್ಮಲ್ಲಿ ಕಿಟ್ಟಣ್ಣನೊಬ್ಬನೇ ಎಂದುಕೊಳ್ಳಬೇಡಿ. 939ರಿಂದ 967ರವರೆಗೆ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನನ್ನು ಕನ್ನಡ ಶಾಸನಗಳು ಕನ್ನರದೇವನೆಂದು ಕರೆಯುತ್ತವೆ. ಹಾಗೆಯೇ ಲಕ್ಷ್ಮಣನು ಅವಧದಲ್ಲಿ ಲಖನ್, ನಮ್ಮಲ್ಲಿ ಲಕ್ಕಣ್ಣ. ಲಕ್ಷ್ಮಿಯು ಇಲ್ಲಿ ಲಛ್ಮಿ, ನಮ್ಮಲ್ಲಿ ಲಕ್ಕಮ್ಮ. ಆಯ್ದಕ್ಕಿ ಲಕ್ಕಮ್ಮ ಎಂಬ ವಚನಕಾರ್ತಿಯನ್ನು ನೆನೆಯಿರಿ. ಒಂದೇ ‘ಕ್ಷ’ಕಾರವನ್ನು ಅವರ ನಾಲಿಗೆ ಒಂದು ಕಡೆ ಬಾಗಿಸಿತು, ನಮ್ಮ ನಾಲಿಗೆ ಇನ್ನೊಂದು ಕಡೆ.

ಇನ್ನು ತಿಪ್ಪಮ್ಮನ ವಿಚಾರ. ಇದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ. ಹುಟ್ಟಿದ ಮಕ್ಕಳು ಒಂದೊಂದಾಗಿ ತೀರಿಹೋದ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ಅದಕ್ಕೆ ಚೆಂದದ ಹೆಸರಿಡಲು ತಾಯಿಗೆ ಧೈರ್ಯ ಬರುತ್ತಿರಲಿಲ್ಲ. ಯಾರ ಕಣ್ಣೂ ಬೀಳದಿರಲಿ, ಸಾವೂ ಅಸಹ್ಯಪಟ್ಟು ಬಿಟ್ಟುಹೋಗಲಿ ಎಂದು ತಿಪ್ಪಣ್ಣ, ತಿಪ್ಪಮ್ಮ, ಗುಂಡ, ಕಲ್ಲಪ್ಪ ಎಂದು ಕರೆದರು. (ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿಗಳ ಮಾತು ಬೇರೆ, ಅಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿ ಮುಖ್ಯ.) ಈ ಕಷ್ಟ ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ನಮ್ಮ ಬ್ಯಾಂಕಿಗೆ ಪಿಂಚಣಿಗಾಗಿ ಬರುವ ಉತ್ತರ ಪ್ರದೇಶದ ಮುದುಕರಲ್ಲಿ ಘೂರೇಲಾಲ್ ಎಂಬ ಹೆಸರುಂಟು, ಕೂಡಾಮಲ್ ಎಂಬುದೂ ಉಂಟು. ಘೂರಾ ಎಂದರೆ ತಿಪ್ಪೆ, ಕೂಡಾ ಎಂದರೆ ಕಸ. ಎರಡು ಸಾವಿರ ಕಿಲೋಮೀಟರು ದೂರದ ಇಬ್ಬರು ತಾಯಂದಿರು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು, ಒಂದೇ ಅಂಜಿಕೆಯಿಂದ ಒಂದೇ ಹೆಸರಿಟ್ಟರು. ತಿಪ್ಪಣ್ಣನವರ ಪಕ್ಕದಲ್ಲಿ ಘೂರೇಲಾಲರನ್ನು ಕೂರಿಸಿ ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳಿದರೆ ಅವರಿಗೆ ದುಭಾಷಿಯ ಅಗತ್ಯವಿರದು.

ಮತದ ಗಡಿಯನ್ನು ಹೆಸರು ದಾಟುವುದಿಲ್ಲವೆಂಬ ಎಣಿಕೆಯೂ ನಿಲ್ಲತಕ್ಕದ್ದಲ್ಲ. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಆ ಕಡೆ ಹಿಂದೂ ಮನೆಗಳಲ್ಲಿ ಫಕೀರಪ್ಪಂದಿರು, ಫಕೀರಗೌಡರು ಬಹಳ. ಫಕೀರ ಎಂಬುದು ಬಡವನೆಂಬ ಅರ್ಥದ ಅರಬ್ಬಿ ಶಬ್ದ. ರಾಯಚೂರಿನ ಕಡೆ ಮೊಹರಮ್ಮಿನ ದೇವರಿಗೆ ಹರಕೆ ಹೊತ್ತು ಹುಟ್ಟಿದ ಹಿಂದೂ ಮಗನಿಗೆ ಹುಸೇನಪ್ಪನೆಂದು ಹೆಸರಿಡುವುದುಂಟು. ಇಲ್ಲಿ ಫಕೀರಚಂದ್ ಇದ್ದಾನೆ, ರಾಮ್‌ಬಕ್ಷ್ ಇದ್ದಾನೆ: ರಾಮನು ಸಂಸ್ಕೃತದಿಂದ, ಬಕ್ಷ್ ಪಾರಸಿಯಿಂದ, ಕೂಡಿದರೆ ರಾಮನು ಕೊಟ್ಟವನು. ಖುದಾಬಕ್ಷ್ ಎಂದರೂ, ದೇವದತ್ತ ಎಂದರೂ, ಗ್ರೀಕರ ಥಿಯೋಡೋರ್ ಎಂದರೂ ತಾತ್ಪರ್ಯ ಒಂದೇ. ಅಬ್ದುಲ್ಲಾ ಎಂದರೆ ದೇವರ ದಾಸ. ರಾಮದಾಸನಿಗೂ ಯೇಸುದಾಸನಿಗೂ ಅವನು ಹತ್ತಿರದವನೇ. ಹೀಬ್ರೂ ಭಾಷೆಯ ಯೋಹಾನಾನ್, ದೇವರು ಕೃಪಾಳು ಎಂಬ ಅರ್ಥದ ಹೆಸರು, ಕನ್ನಡ ಬೈಬಲಿನಲ್ಲಿ ಯೋಹಾನ, ಕುರಾನಿನಲ್ಲಿ ಯಾಹ್ಯಾ, ಪೋರ್ತುಗೀಸರ ಬಾಯಿಂದ ಮಂಗಳೂರಿನ ಕೊಂಕಣಿ ಮನೆಗಳಿಗೆ ಬಂದು ಜುವಾಂವ್, ಇಂಗ್ಲಿಷಿನವರ ಕೈಯಲ್ಲಿ ಜಾನ್.

ನಾವು ಕುಳಿತಿರುವ ಈ ನಗರದ ಹೆಸರನ್ನೇ ನೋಡಿ. ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರು (1894–1954) ಸ್ವಾತಂತ್ರ್ಯ ಹೋರಾಟಗಾರರು. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗೂ ಅವರ ಹೆಸರೇ. ರಫಿ ಎಂದರೆ ಉನ್ನತ. ಅಹಮದ್ ಎಂದರೆ ಸ್ತುತ್ಯ, ಮಹಮ್ಮದ್ ಎಂಬುದೂ ಅದೇ ಧಾತುವಿನದು. ಊರಿನಿಂದ ಕಾಗದ ಬರೆಯುತ್ತಿದ್ದ ನಮ್ಮ ಹಿರಿಯರು ‘ಕಿದ್ವಾಯಿ ನಗರ, ಹೊಸ ದೆಹಲಿ’ ಎಂದು ಬರೆದಾಗಲೆಲ್ಲ ಆ ಹೆಸರು ಅವರ ಲೇಖನಿಯಲ್ಲಿ ಹೊಸದಾಗಿ ಕನ್ನಡವಾಗುತ್ತಿತ್ತು.

ಇಷ್ಟರ ನಡುವೆ ನನ್ನ ಕಸುಬಿನ ಒಂದು ಸಂಗತಿಯನ್ನೂ ಹೇಳಬೇಕು. ನಮಗೆ ಇನಿಷಿಯಲ್ಲುಂಟು, ಅನೇಕರಿಗೆ ಸರ್‌ನೇಮಿಲ್ಲ. ಊರಿನ ಅಕ್ಷರ, ತಂದೆಯ ಅಕ್ಷರ, ಆಮೇಲೆ ಹೆಸರು. ಇಲ್ಲಿನ ಅರ್ಜಿ ಕೊನೆಯ ಹೆಸರನ್ನು ಕೇಳುತ್ತದೆ. ಒಂದು ಕಡೆ ಊರನ್ನು ತುಂಬುತ್ತೇವೆ, ಇನ್ನೊಂದು ಕಡೆ ತಂದೆಯನ್ನು, ಮೂರನೆಯ ಕಡೆ ನಂಜುಂಡಯ್ಯನನ್ನು ಸೀಳಿ ನಂಜುಂಡ ಒಂದು ಮನೆಯಲ್ಲಿ, ಅಯ್ಯ ಇನ್ನೊಂದು ಮನೆಯಲ್ಲಿ. ಹೀಗೆ ಒಬ್ಬನೇ ಮನುಷ್ಯ ಪಾಸ್‌ಪೋರ್ಟಿನಲ್ಲೊಬ್ಬ, ಪ್ಯಾನ್ ಕಾರ್ಡಿನಲ್ಲೊಬ್ಬ, ಠೇವಣಿ ರಸೀತಿಯಲ್ಲೊಬ್ಬ. ಬದುಕಿರುವಾಗ ಸಹಿ ಹಾಕಿ ಹೇಗೋ ಸಂಭಾಳಿಸುತ್ತಾನೆ. ಅವನು ತೀರಿಕೊಂಡ ಮೇಲೆ ಹೆಂಡತಿ ಕೌಂಟರಿನ ಮುಂದೆ ನಿಂತು, ಈ ಮೂವರೂ ನನ್ನ ಯಜಮಾನರೇ ಎಂದು ಅಫಿಡವಿಟ್ ಮಾಡಿಸಬೇಕಾಗುತ್ತದೆ. ಆ ಕಾಗದವನ್ನು ತೆಗೆದುಕೊಳ್ಳುವ ಕೈ ನನ್ನದು. ಆಗ ಅವರ ಮುಖವನ್ನು ನೋಡುವುದು ಸುಲಭವಲ್ಲ.

ಆದುದರಿಂದ ಹೊಸ ತಾಯ್ತಂದೆಗಳಲ್ಲಿ ಅರಿಕೆ. ಆಸ್ಪತ್ರೆಯಲ್ಲಿ ಅವಸರಪಟ್ಟು ಯಾವುದೋ ಪಟ್ಟಿಯಿಂದ ಹೆಸರು ಹೆಕ್ಕಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಹೆಸರಿಲ್ಲದೆಯೇ ಮಗುವಿನ ಜನನವನ್ನು ದಾಖಲು ಮಾಡಿಸಬಹುದು. ಹನ್ನೆರಡು ತಿಂಗಳೊಳಗಾದರೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕೊಟ್ಟು ಹೆಸರನ್ನು ಸೇರಿಸಬಹುದು. ಅಷ್ಟರಲ್ಲಿ ಊರಿಗೆ ಹೋಗಿ ಬನ್ನಿ, ಮನೆದೇವರು ಯಾರೆಂದು ಕೇಳಿ. ನಂಜುಂಡನೆಂದು ಇಟ್ಟರೂ ಸರಿ, ನೀಲಕಂಠನೆಂದು ಇಟ್ಟರೂ ನನಗೆ ಬೇಸರವಿಲ್ಲ. ಇಂಗ್ಲಿಷಿನಲ್ಲಿ ಅದರ ಸ್ಪೆಲ್ಲಿಂಗನ್ನು ಮಾತ್ರ ಗಂಡಹೆಂಡಿರು ಕುಳಿತು ಒಂದೇ ಸಲ ತೀರ್ಮಾನಿಸಿ, ಒಂದು ಚೀಟಿಯಲ್ಲಿ ಬರೆದು, ಮನೆಯ ಕಾಗದಪತ್ರಗಳ ಜೊತೆಯಲ್ಲಿ ಇಟ್ಟುಕೊಳ್ಳಿರಿ.